ಬಾಲದ ಕಡೆಗೆ ತಿರುಗಿದ ಬಂದೂಕು

ವಿಲ್ಸನ್, ಕಾನ್ಸಸ್
ಏಪ್ರಿಲ್ 9, 1991

ಪ್ರೀತಿಯ ಮಾರ್ಲಿಸ್‌ಗೆ,

ನೀನು ಹೇಗಿದ್ದೀಯ ಮಗಳೇ? ನಿನ್ನ ಗಂಡ ವರ್ನನ್‌ನ ಮೊಣಕಾಲು ಈಗ ಮಡಚಲು ಬರುತ್ತದೆಯೆ? ನಿನ್ನ ಮೊಮ್ಮಗಳು ಪುಟ್ಟ ಟೆಸ್ಸಾಳ ಕೆಮ್ಮು ಹೋಯಿತೆ? ನಿನ್ನ ಕಾಗದ ಬಂದು ಆರು ವಾರವಾಯಿತು. ಕೈನೋವಿನಿಂದ ತಡವಾಯಿತು ಎಂದು ಬರೆದು, ಆ ಸಾಲನ್ನು ಹೊಡೆದುಹಾಕಿದೆ. ಕೈ ಚೆನ್ನಾಗಿಯೇ ಇದೆ.

ಜನರಿಗೆ ತೋರಿಸಲೆಂದು ನಾವು ಸರಿಮಾಡುತ್ತಿರುವ ಹಳೆಯ ಬಾಂಬರ್ ವಿಮಾನದ ಕೆಲಸ ಮುಗಿಯುತ್ತ ಬಂತು. ಯುದ್ಧದಲ್ಲಿ ನಿನ್ನ ಅಪ್ಪ ಬಂದೂಕು ಹಿಡಿದು ನಿಲ್ಲುತ್ತಿದ್ದಂಥದೇ ಪಕ್ಕದ ಕಿಟಕಿ, ಅಲ್ಲಿ ಬಂದೂಕು ಕೂರಿಸುವ ಕವಲು. ಅದರ ಮೇಲೆ ಬಂದೂಕು ಎತ್ತ ಬೇಕಾದರೂ ತಿರುಗುತ್ತದೆ. ನಮ್ಮದೇ ವಿಮಾನದ ಬಾಲದ ಕಡೆಗೆ ಮಾತ್ರ ತಿರುಗದಂತೆ ಬುಡದಲ್ಲಿ ಹೆಬ್ಬೆರಳಿನಷ್ಟು ಉಕ್ಕಿನ ತಡೆ ಇರಬೇಕು. ನಮಗೆ ಸಿಕ್ಕ ಕವಲಿನಲ್ಲಿ ಅದನ್ನು ಯಾವನೋ ಅರ ಹಾಕಿ ಉಜ್ಜಿ ತೆಗೆದಿದ್ದ.

ಕಳೆದ ಮಂಗಳವಾರ ಎಲ್ಲರೂ ಊಟಕ್ಕೆ ಹೋಗಿದ್ದಾಗ ನಾನೊಬ್ಬನೇ ಒಳಗಿದ್ದೆ. ಎಣ್ಣೆ ಹಾಕುವಾಗ ಬಂದೂಕು ಸರಕ್ಕನೆ ತಿರುಗಿ, ಮೂತಿ ಬಾಲದತ್ತ ಹೋಗಿ, ಹಿಡಿ ನನ್ನ ಎದೆಯನ್ನು ಗೋಡೆಗೆ ಒತ್ತಿ ನಿಂತುಬಿಟ್ಟಿತು. ಕೀಲು ಕಚ್ಚಿಕೊಂಡಿತ್ತು. ಒಂದು ಗಂಟೆ ಅಲುಗಾಡಲು ಆಗಲಿಲ್ಲ. ಕಣ್ಣೆದುರಿಗೆ ಆ ಬಾಲ, ಅದರತ್ತ ನೆಟ್ಟ ಆ ಮೂತಿ.

ಕೊನೆಗೆ ಜೊತೆಯ ಕೆಲಸಗಾರ ಕ್ಲೀಟಸ್ ಬಂದ. "ಏನಯ್ಯಾ ಡೆಲ್, ಜರ್ಮನ್ನರ ಕೈಗೆ ಸಿಗದೋನು ಗುಂಡಿಲ್ಲದ ಬಂದೂಕಿಗೆ ಸಿಕ್ಕಿಹಾಕ್ಕೊಂಡಿದೀಯಲ್ಲ."

"ನಗೋದು ಆಮೇಲೆ, ಮೊದ್ಲು ಇದನ್ನ ಎತ್ತು."

"ಎರಡು ಕೊಲಾಚೆ ಸಿಹಿಬನ್ನು ಕಮ್ಮಿ ತಿಂದಿದ್ರೆ ನೀನೇ ನುಸುಳಿ ಬರ್ತಿದ್ದೆ." ಸನ್ನೆಕೋಲು ಹಾಕಿ ಬಿಡಿಸಿದ. ಆಮೇಲೆ, "ಆ ತಡೆ ನೀನೇ ಮಾಡಿಬಿಡು ಮಾರಾಯ. ಅದರ ಅಳತೆ ಗೊತ್ತಿರೋನು ಇಲ್ಲಿ ನೀನೊಬ್ನೇ," ಅಂದ.

ಅವನು ಬಿಡಿಸಿದ. ನಾನು ಮಾತ್ರ ಇನ್ನೂ ಅಲ್ಲೇ ಒತ್ತಿಕೊಂಡು ನಿಂತಿದ್ದೇನೆ ಅನಿಸುತ್ತದೆ.

ಈ ವಿಮಾನವನ್ನು ಜನರಿಗೆ ತೆರೆಯುವ ಮೇ ತಿಂಗಳ ಸಮಾರಂಭಕ್ಕೆ ನೀನು ಬರೆದ ಭಾಷಣ ಓದಿದೆ. ಚೆನ್ನಾಗಿದೆ. 'ಅಪ್ಪನ ವಿಮಾನವನ್ನು ಹೊಡೆದವನು ಯಾರೋ ನನಗೆ ಗೊತ್ತಿಲ್ಲ, ಅವನನ್ನೂ ಕ್ಷಮಿಸಿದ್ದೇನೆ' ಎಂಬ ಸಾಲಿನಿಂದ ಮುಂದಕ್ಕೆ ಹೋಗಲು ನನಗೆ ಎರಡು ದಿನ ಹಿಡಿಯಿತು.

ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಚಿಕ್ಕಪ್ಪ,
ಡೆಲ್ಬರ್ಟ್

ಮರೆತ ಮಾತು: ಮರೆತದ್ದಲ್ಲ. ಇಂಗ್ಲೆಂಡಿನ ನೆಲೆಯಲ್ಲಿ ಬಂದೂಕುಗಳನ್ನು ಸರಿಮಾಡುತ್ತಿದ್ದವನು ನಾನು. ತಡೆ ಇದ್ದರೆ ಹಿಂದಿನಿಂದ ಬರುವ ಶತ್ರು ಗುರಿಗೆ ಸಿಗುವುದಿಲ್ಲವೆಂದು ಹುಡುಗರೆಲ್ಲ ಕದ್ದು ತೆಗೆಸಿಕೊಳ್ಳುತ್ತಿದ್ದರು. ನಿನ್ನ ಅಪ್ಪ ಏಮಿಲ್, "ಎರಡೇ ಬೆರಳು ಜಾಸ್ತಿ ತಿರುಗಲಿ ಕಣೋ ತಮ್ಮಾ, ನನ್ನ ಕೈ ನಂಗೆ ಗೊತ್ತಿಲ್ವಾ" ಅಂದ. ಅರ ಹಾಕಿಕೊಟ್ಟೆ. ಆ ವಿಮಾನ ಬಿದ್ದಾಗ ಬದುಕಿ ಬಂದವನು ಒಬ್ಬನೇ. ಯುದ್ಧ ಮುಗಿದ ಮೇಲೆ ಅವನು ನನ್ನನ್ನು ಹುಡುಕಿಕೊಂಡು ಬಂದು ಹೇಳಿದ: ಬಾಲ ಕತ್ತರಿಸಿದ್ದು ಶತ್ರುವಿನ ಗುಂಡಲ್ಲ, ಏಮಿಲ್‌ನ ಬಂದೂಕಿನದೇ. ನಲವತ್ತೈದು ವರ್ಷ ನಿನಗೆ ಬೇರೆಯದನ್ನೇ ಹೇಳುತ್ತ ಬಂದೆ.

ಹೊಸ ತಡೆ ಮಾಡಿ ಮುಗಿಸಿದ್ದೇನೆ. ಸಮಾರಂಭದ ದಿನ ಅದನ್ನು ಕೂರಿಸುವಾಗ ನಾನು ಅಲ್ಲಿರಬೇಕೋ ಬೇಡವೋ, ನೀನು ಹೇಳಿದಂತೆ. ಬೇಗ ಬರೆ ಮಗಳೇ, ಒಂದೇ ಸಾಲಾದರೂ ಸರಿ.