ನಿಂತ ಕಾಲರು

ಮಗನಿಗೆ,

ನಿನ್ನ ಫೋಟೋ ತಲುಪಿತು. ಸೈನಿಕನ ಉಡುಪು ನಿನಗೆ ಒಪ್ಪುತ್ತದೆ. ಅಪ್ಪ ಅದಕ್ಕೆ ಕಟ್ಟು ಹಾಕಿಸಿ, ಹಾಲಿನವನನ್ನೂ ಒಳಗೆ ಕರೆದು ತೋರಿಸುತ್ತಿದ್ದಾರೆ.

ಆದರೆ ಕೋಟಿನ ಕಾಲರು ಕತ್ತಿನ ಸುತ್ತ ನೆಟ್ಟಗೆ ನಿಂತಿದೆಯಲ್ಲ, ಆ ಫ್ಯಾಷನ್ನನ್ನು ಸೈನ್ಯ ಬಿಟ್ಟು ಎಷ್ಟೋ ಕಾಲವಾಯಿತು. ಈಗಿನದು ಮಡಚಿದ ಕಾಲರು. ಸೈನ್ಯದ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಅದನ್ನೇ ಹೊಲಿಯುವವಳು ನಿನ್ನ ಅಮ್ಮ ಎಂಬುದು ಮರೆತುಹೋಯಿತೇ? ನಿಂತ ಕಾಲರು ಉಳಿದಿರುವುದು ನಾಟಕದವರ ಪೆಟ್ಟಿಗೆಯಲ್ಲಿ, ಫೋಟೋ ಸ್ಟುಡಿಯೋದ ಗೂಟದಲ್ಲಿ.

ನೀನು ಸೈನ್ಯ ಸೇರಲಿಲ್ಲವೆಂದು ನನಗೆ ಬೇಸರವಿಲ್ಲ. ಸೇರಬೇಡ ಎಂದು ಅತ್ತವಳೇ ನಾನು. ಆದರೆ ಫೋಟೋ ಬಂದ ದಿನ ನಾನು ಕೆಲಸದಿಂದ ಮರಳುವಷ್ಟರಲ್ಲಿ, ಅದನ್ನು ನೋಡಿದ ನಿನ್ನ ತಮ್ಮ ಸೈನ್ಯಕ್ಕೆ ಹೆಸರು ಕೊಟ್ಟು, ಸಹಿ ಹಾಕಿ ಬಂದಿದ್ದ. ಇನ್ನು ಹಿಂದೆಗೆಯುವ ಹಾಗಿಲ್ಲವಂತೆ.

“ಅಣ್ಣ ಅಲ್ಲೇ ಇದ್ದಾನಲ್ಲಮ್ಮ, ನಿಂಗ್ಯಾಕೆ ಭಯ?” ಅಂದ. ನಾನು ನಿಜ ಹೇಳದೆ ಅವನ ಬಟ್ಟೆ ಮಡಚಿಡತೊಡಗಿದೆ.

ನಿನ್ನೆ ಅವನು ರೈಲು ಹತ್ತಿದ. ಅವನ ಕೋಟಿನದು ಮಡಚಿದ ಕಾಲರು.

ಅಪ್ಪನಿಗೆ ನಾನೇನೂ ಹೇಳುವುದಿಲ್ಲ, ಫೋಟೋ ಗೋಡೆಯ ಮೇಲೇ ಇರಲಿ. ತಮ್ಮನಿಗೆ ಮಾತ್ರ ನೀನೇ ಬೇಗ ಬರೆ. ಅಲ್ಲಿ ಊಟದ ಸಾಲಿನಲ್ಲಿ ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತಿರುತ್ತಾನೆ.

ಅಮ್ಮ