ಮೂವತ್ತೊಂದು ಹಸಿರು ಚುಕ್ಕಿ

ಈ ಲಕೋಟೆ ಒಡೆದವರು ಯಾರು? ಮೇಲೆ ಅಷ್ಟು ದಪ್ಪಗೆ ‘ಸ್ವಂತ ಪತ್ರ, ಅವಳೇ ಒಡೆಯಬೇಕು’ ಎಂದು ಬರೆದಿದ್ದೇನೆ, ಕಣ್ಣು ಕಾಣುವುದಿಲ್ಲವೇ? ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದ ಅಂಚೆಯನ್ನೆಲ್ಲ ಕತ್ತರಿಯಿಂದ ಸೀಳುವವಳು ನೀನಾಗಿದ್ದರೆ ಇಲ್ಲಿಗೇ ನಿಲ್ಲಿಸು. ಫೋನ್ ಮಾಡಿದಾಗಲೆಲ್ಲ “ಮೇಡಂ ಮೀಟಿಂಗ್‌ನಲ್ಲಿದ್ದಾರೆ ಅಜ್ಜಿ” ಎಂದವಳು ನೀನೇ ತಾನೇ? ಯಾರಾದರೂ ಹನ್ನೊಂದು ತಿಂಗಳು ಮೀಟಿಂಗಿನಲ್ಲೇ ಕೂತಿರುತ್ತಾರೆಂದು ನಂಬುವಷ್ಟು ದಡ್ಡಿ ನಾನಲ್ಲ. ಇದನ್ನು ಮೊದಲಿದ್ದ ಹಾಗೆ ಮಡಚಿ ಒಳಗೆ ಕೊಟ್ಟು ಬಾ. ಅವಳು ಓದಿ ಮುಗಿಸುವ ತನಕ ಎದುರಿಗೇ ನಿಂತಿರು. ಅಷ್ಟು ಹೊತ್ತು ನಿನ್ನ ಊಟ ಕಾದರೆ ಏನೂ ಆಗುವುದಿಲ್ಲ.

ಇನ್ನು ನೀನು.

ಇದ್ದಿಲು ಮೂತಿಯ ನನ್ನ ಮೊಮ್ಮಗಳಿಗೆ, ನಿನ್ನ ಅಮ್ಮನ ಅಮ್ಮ ಬರೆಯುವುದು.

ನನ್ನ ಅಕ್ಷರ ನೋಡಿ ನಗಬೇಡ. ನನ್ನನ್ನು ನಾಲ್ಕನೇ ತರಗತಿಗೇ ಶಾಲೆ ಬಿಡಿಸಿದರು. ಆಮೇಲೆ ಕಲಿತದ್ದೆಲ್ಲ ನಿನಗೆ ಹೋಮ್‌ವರ್ಕ್ ಮಾಡಿಸುತ್ತಾ ಕಲಿತದ್ದು. ಈ ಪತ್ರ ಬರೆಯಲು ನಾಲ್ಕು ದಿನ ಹಿಡಿದಿದೆ. ಫೋನಿನಲ್ಲಿ ಆಡಿದ ಮಾತನ್ನು ಆಮೇಲೆ ಆಡಲೇ ಇಲ್ಲ ಎನ್ನಬಹುದು. ನಿಮ್ಮ ಕಚೇರಿ ನಮ್ಮ ವಿಷಯ ಬರೆದದ್ದು ಕಾಗದದ ಮೇಲೆ, ಹಾಗಾಗಿ ನಾನೂ ಕಾಗದದ ಮೇಲೇ ಕೇಳುತ್ತೇನೆ.

ಹೊಸ ಗ್ರಂಥಾಲಯದ ಉದ್ಘಾಟನೆಯ ಕಾರ್ಡು ಮೊನ್ನೆ ಬಂತು. ಮುಂದಿನ ತಿಂಗಳು ಐದನೇ ತಾರೀಖು. ನನಗೆ ಮೊದಲ ಸಾಲಿನಲ್ಲಿ ಕುರ್ಚಿಯಂತೆ, ‘ಗಲ್ಲಿಯ ಹಿರಿಯರು’ ಎಂದು ನಾನು ಎರಡು ಮಾತಾಡಬೇಕಂತೆ. ಯಾವ ಗಲ್ಲಿ ಎಂದು ಕಾರ್ಡು ತಂದವನನ್ನು ಕೇಳಿದೆ. ಅವನು ನನ್ನ ಮನೆಯ ಆಚೆ ಈಚೆ ನೋಡಿ, “ಇದೇ ಅಲ್ವಾ ಅಜ್ಜಿ?” ಎಂದ. ಪಾಪ, ಅವನ ತಪ್ಪಲ್ಲ. ಒಂದೇ ಮನೆ ನಿಂತಿರುವ ಜಾಗಕ್ಕೆ ಏನೆನ್ನಬೇಕೆಂದು ನನಗೂ ಗೊತ್ತಿಲ್ಲ.

ಈಗ ನನ್ನ ಅಡುಗೆಮನೆ ಕಿಟಕಿ ತೆಗೆದರೆ ನೇರ ನಿನ್ನ ಗಾಜಿನ ಗೋಡೆ. ಬೆಳಿಗ್ಗೆ ಅದರಲ್ಲಿ ನನ್ನ ಮನೆಯೇ ಕಾಣುತ್ತದೆ, ಒಲೆಯ ಮುಂದೆ ಒಬ್ಬ ಮುದುಕಿ ನಿಂತಿರುತ್ತಾಳೆ. ಮಧ್ಯಾಹ್ನ ಬಿಸಿಲು ಆಚೆ ತಿರುಗಿದ ಮೇಲೆ ಒಳಗಿನದು ಕಾಣುತ್ತದೆ. ಕಪಾಟುಗಳು ಬಂದಿವೆ, ಪುಸ್ತಕ ಇನ್ನೂ ಬಂದಿಲ್ಲ. ಕಿಟಕಿಯ ಪಕ್ಕ ಕೈಹಿಡಿ ಇರುವ ನಾಲ್ಕು ಕುರ್ಚಿ, ಪ್ಲಾಸ್ಟಿಕ್ ಸುತ್ತಿದ್ದು ಬಿಚ್ಚಿಲ್ಲ. ಆ ಕುರ್ಚಿ ಕೇಳಿದವಳು ನಾನೇ. ಮಂಡಿ ನೋವಿದ್ದವರಿಗೆ ಕೈಯೂರಿ ಏಳಲು ಬೇಕು ಎಂದಿದ್ದೆ. ನೀನು ಮರೆತಿಲ್ಲ. ಅದೇ ನನ್ನ ಹೊಟ್ಟೆ ಉರಿಸುತ್ತದೆ.

ಗ್ರಂಥಾಲಯ ಬೇಡ ಎಂದವಳು ನಾನಲ್ಲ, ನಿನಗೆ ಗೊತ್ತು. ನೀರಿನ ಕಚೇರಿಯ ಮಹಡಿಯಲ್ಲಿದ್ದ ಹಳೆಯ ಒಂದೇ ಕೋಣೆಯ ಗ್ರಂಥಾಲಯಕ್ಕೆ ಕಬ್ಬಿಣದ ಮೆಟ್ಟಿಲು ಹತ್ತಿಸಿ ನಿನ್ನನ್ನು ಕರೆದೊಯ್ಯುತ್ತಿದ್ದವಳು ನಾನು. ನಿನ್ನ ಅಮ್ಮ ಕಾರ್ಖಾನೆಯ ಪಾಳಿಗೆ ಹೋದರೆ ನೀನು ನನ್ನ ಮನೆಯಲ್ಲಿ ಅರ್ಧ ದಿನ, ಇಸ್ತ್ರಿಯವಳ ಮನೆಯಲ್ಲಿ ಅರ್ಧ ದಿನ. ಅವಳನ್ನು ನೀನು ದೊಡ್ಡಮ್ಮ ಎನ್ನುತ್ತಿದ್ದೆ. ಇಸ್ತ್ರಿಯಾದ ಬಿಸಿ ಬಟ್ಟೆಯ ರಾಶಿಯ ಮೇಲೆ ಮಲಗಿ, ಗಿರಾಕಿಗಳ ಅಂಗಿಗೆ ಜೊಲ್ಲು ಸುರಿಸಿ, ಅವಳಿಂದ ಮತ್ತೆ ಒಗೆಸುತ್ತಿದ್ದೆ. ಅವಳು ಬೈಯುವ ಬದಲು ಆರಿದ ಇದ್ದಿಲ ಚೂರು ಕೊಟ್ಟು, ಹೋಗು, ಗೋಡೆ ಮೇಲೆ ಗೀಚಿಕೋ ಎನ್ನುತ್ತಿದ್ದಳು. ಗಲ್ಲಿಯ ಗೋಡೆ ಪೂರ್ತಿ ನೀನು ಬರೆದ ಮನೆಗಳೇ. ಮುಖವೂ ಗೋಡೆಯಷ್ಟೇ ಕಪ್ಪು. ಇದ್ದಿಲು ಮೂತಿ ಎಂದು ಹೆಸರಿಟ್ಟವಳು ಅವಳೇ. ಮನೆಯ ನಕ್ಷೆ ಬರೆಯುವುದನ್ನು ದೊಡ್ಡ ಕಾಲೇಜಿನಲ್ಲಿ ಕಲಿತೆ ಎಂದು ನೀನು ಎಲ್ಲರಿಗೂ ಹೇಳಿಕೊಳ್ಳಬಹುದು, ನಾವು ಕಂಡವರು.

ಅದಕ್ಕೇ, ಪೇಟೆ ಮಧ್ಯದ ಹಳೇ ಬಟ್ಟೆ ಗೋದಾಮು ಕೆಡವಿ ಅಲ್ಲಿ ಗ್ರಂಥಾಲಯ ಕಟ್ಟುತ್ತಾರೆ, ನಕ್ಷೆ ಮಾಡುವುದು ನೀನೇ, ಜನರನ್ನು ಕೇಳಿಯೇ ಮಾಡುತ್ತಾರೆ ಎಂದಾಗ ನಾನು ಗಲ್ಲಿಯಲ್ಲಿ ನೆಲ ಬಿಟ್ಟು ನಡೆದೆ. ಮನೆ ಮನೆಗೆ ಹೋಗಿ ಎಲ್ಲರನ್ನೂ ಮೀಟಿಂಗಿಗೆ ಎಬ್ಬಿಸಿಕೊಂಡು ಬಂದವಳು ನಾನು. ಮೊದಲ ಮೀಟಿಂಗು ಎಷ್ಟು ಚೆನ್ನಾಗಿತ್ತು. ಶಾಲೆಯ ಹಾಲಿನಲ್ಲಿ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತೆವು. ಬೀಗ ರಿಪೇರಿಯವನು ಪೇಪರು ಬೆಳಿಗ್ಗೆ ಆರಕ್ಕೇ ಬರಬೇಕು ಎಂದ. ದರ್ಜಿ, ಇವನಿಗೆ ಆರಕ್ಕೆ ಹೆಂಡತಿ ಎಬ್ಬಿಸಿದರೂ ಎಚ್ಚರವಾಗುವುದಿಲ್ಲ ಎಂದ. ಎಲ್ಲ ನಕ್ಕರು. ಆಗ ಇಸ್ತ್ರಿಯವಳು ಕೈಯೆತ್ತಿದಳು. ಅವಳು ನಾಲ್ಕು ಜನರ ಮುಂದೆ ಬಾಯಿ ಬಿಟ್ಟದ್ದನ್ನು ನಾನು ಅವತ್ತೇ ಕಂಡದ್ದು.

“ಓದೋಕೆ ಬರದೇ ಇರೋರು ಬಂದು ಸುಮ್ನೆ ಕೂತ್ಕೋಬಹುದಾ ಅಲ್ಲಿ?”

ನೀನು ಪುಸ್ತಕದಲ್ಲಿ ಅದನ್ನು ಬರೆದುಕೊಂಡು, ತಲೆಯೆತ್ತಿ, “ನಿಮಗೆ ಅಂತಾನೇ ಒಂದು ಕುರ್ಚಿ ಹಾಕಿಸ್ತೀನಿ ದೊಡ್ಡಮ್ಮ” ಎಂದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು. ನಮ್ಮ ಮಗು ಕಟ್ಟುವ ಮನೆಯಲ್ಲಿ ನನಗೆ ಕುರ್ಚಿ ಇದೆ ಎಂದು ನನಗೇ ಹೇಳುತ್ತಾಳೆ, ನಾನು ಅಲ್ಲಿ ಇರಲೇ ಇಲ್ಲ ಎನ್ನುವ ಹಾಗೆ.

ಈಗ ಮೂರನೇ ಮೀಟಿಂಗಿನ ಮಾತು. ನನ್ನ ಕಣ್ಣಿಗೆ ಕಟ್ಟಿದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ಅವತ್ತು ಮೇಜಿನ ಮೇಲೆ ಹಾಸಿಗೆಯಷ್ಟು ದೊಡ್ಡ ಫೋಟೋ ಹಾಸಿದ್ದಿರಿ, ಆಕಾಶದಿಂದ ತೆಗೆದದ್ದು. ನಿನ್ನ ಮೇಲಧಿಕಾರಿ ಅರ್ಧ ಗಂಟೆ ಪುಸ್ತಕದ ಭಾಷೆಯಲ್ಲಿ ಮಾತಾಡಿದ. ಅವನ ಮಾತಿಗಿಂತ ಫ್ಯಾನಿನ ಸದ್ದೇ ಹೆಚ್ಚು ತಿಳಿಯುತ್ತಿತ್ತು. ಗೋಡೆಗೆ ಒಂದು ಬೋರ್ಡು ಹಾಕಿದ್ದರು. ಬಟ್ಟಲಿನಲ್ಲಿ ಗುಂಡನೆಯ ಸ್ಟಿಕ್ಕರುಗಳು, ಹಸಿರು ಕೆಂಪು ಚುಕ್ಕಿ. ಮಾತು ಮುಗಿದ ಮೇಲೆ ಎಲ್ಲರೂ ಬಂದು ಫೋಟೋದಲ್ಲಿ ನಿಮ್ಮ ನಿಮ್ಮ ಮನೆಯ ಮೇಲೆ ಅಂಟಿಸಿ ಎಂದರು.

ನಾವು ಯಾರೂ ನಮ್ಮ ಗಲ್ಲಿಯನ್ನು ಮೇಲಿನಿಂದ ನೋಡಿದವರಲ್ಲ. ಮೊದಲು ಏನೂ ಗುರುತು ಸಿಗಲಿಲ್ಲ. ನಾನೇ ಬೆರಳಿಟ್ಟು ಗೋದಾಮು ಹುಡುಕಿದೆ, ಅಲ್ಲಿಂದ ತಿರುವು, ತಿರುವಿನ ಕಂಬ, ಕಂಬದ ಪಕ್ಕ ದರ್ಜಿ ಸೋರುವ ಮಾಡಿಗೆ ಹೊದಿಸಿದ್ದ ನೀಲಿ ಹಾಳೆ. ಅಷ್ಟೇ ಬೇಕಿತ್ತು. ಒಬ್ಬೊಬ್ಬರೂ ನುಗ್ಗಿ ಬಂದು ನಮ್ಮನೆ ನಮ್ಮನೆ ಎಂದರು. ಬೀಗದವನು ಮಾಡಿನ ಮೇಲೆ ಒಣಹಾಕಿದ್ದ ತನ್ನ ಅಂಗಿಯನ್ನೇ ಗುರುತು ಹಿಡಿದ. ಇಸ್ತ್ರಿಯವಳಿಗೆ ಮಾತ್ರ ಸಿಗಲಿಲ್ಲ. ಅವಳ ಕೈ ಹಿಡಿದು ಅವಳ ಮನೆಯ ಮೇಲೆ ಇಟ್ಟವಳು ನಾನು. ಇದಾ, ಇಷ್ಟು ಚಿಕ್ಕದಾ ಎಂದಳು. ಆಮೇಲೆ ಯಾವ ಬಣ್ಣ ಹಾಕೋದು ಎಂದು ನನ್ನನ್ನೇ ಕೇಳಿದಳು. ಎಲ್ಲರೂ ನನ್ನ ಮುಖ ನೋಡಿದರು. ಗಲ್ಲಿಯಲ್ಲಿ ಓದು ಬಂದವಳು, ನಕ್ಷೆ ಮಾಡುವವಳ ಅಜ್ಜಿ. ನಾನು ಹೇಳಿದ್ದು ಇಷ್ಟು:

“ಕೆಂಪು ಅಂದ್ರೆ ಅಪಾಯ. ಸ್ವಂತ ಮನೆ ಮೇಲೆ ಯಾರಾದ್ರೂ ಕೆಂಪು ಹಚ್ತಾರೇನ್ರೇ? ಹಸಿರು ಹಾಕಿ.”

ಬೋರ್ಡು ನನ್ನ ಬೆನ್ನ ಹಿಂದೆಯೇ ಇತ್ತು. ಬದಲಾವಣೆಗೆ ಜಾಗ ಬಿಡಲು ಒಪ್ಪಿದರೆ ಹಸಿರು, ಇದ್ದ ಹಾಗೇ ಇರಲಿ ಎಂದರೆ ಕೆಂಪು ಎಂದು ಅದರಲ್ಲಿ ಬರೆದಿತ್ತಂತೆ. ಓದು ಬರುತ್ತದೆ ಎಂದು ಜಂಬ ಕೊಚ್ಚಿಕೊಳ್ಳುವ ನಾನು ಕತ್ತು ತಿರುಗಿಸಿ ಓದಲಿಲ್ಲ. ನಾವು ಅಂಟಿಸಿದ್ದು ನಮ್ಮ ಮನೆ ಸಿಕ್ಕ ಖುಷಿಗೆ. ಇದು ನಮ್ಮದು ಎನ್ನುವುದಕ್ಕೆ. ನನ್ನದೂ ಸೇರಿ ಮೂವತ್ತೊಂದು ಹಸಿರು. ಇಸ್ತ್ರಿಯವಳು ಆಸೆಗೆ ಇನ್ನೊಂದು ಚುಕ್ಕಿ ಕಿತ್ತು ಬೆರಳಿಗೆ ಅಂಟಿಸಿಕೊಂಡು ಮನೆಗೆ ಬಂದು, ಇಸ್ತ್ರಿಪೆಟ್ಟಿಗೆಯ ಹಿಡಿಗೆ ಹಚ್ಚಿದಳು.

ನೀನು ಮೇಜಿನ ಆಚೆ ಬದಿಯಿಂದ ಬಂದೆ. ಫೋಟೋ ನೋಡಿದೆ. “ಅಜ್ಜಿ, ಎಲ್ಲಾರೂ ಹಸಿರೇ ಹಾಕಿದ್ರಾ?” ಎಂದೆ. ಒಬ್ಬರೂ ಬಿಟ್ಟಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ನೀನು ನನ್ನ ಮುಖ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು. ಹಿಂದಿನಿಂದ ನಿನ್ನ ಮೇಲಧಿಕಾರಿ, ಇದರದ್ದೊಂದು ಫೋಟೋ ಹೊಡೆದು ಜನರನ್ನು ಹೊರಗೆ ಕಳಿಸು ಎಂದ. ನೀನು ಬಾಯಿ ಮುಚ್ಚಿ, ನಮ್ಮ ಕೈ ಇನ್ನೂ ಅಲ್ಲೇ ಇದ್ದಂತೆ ಫೋನಿನಲ್ಲಿ ಫೋಟೋ ತೆಗೆದೆ. ಆಮೇಲೆ ಬಟ್ಟಲು ಎತ್ತಿಕೊಂಡು ಹೋದೆ. ಅವತ್ತು ನಿನ್ನ ಕಣ್ಣಿನಲ್ಲಿ ಇದ್ದದ್ದು ಹೆಮ್ಮೆ ಎಂದುಕೊಂಡೆ ನಾನು.

ಎರಡು ತಿಂಗಳಿಗೆ ನೋಟೀಸು ಬಂತು. ದರ್ಜಿ ಅದನ್ನು ನನ್ನ ಹತ್ತಿರವೇ ತಂದ, ಓದಿ ಹೇಳಿ ಅಜ್ಜಿ ಎಂದು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಗ್ರಂಥಾಲಯದ ಮುಂದಿನ ಅಂಗಳಕ್ಕೆ, ಕಾರು ನಿಲ್ಲಿಸಲು ಗಲ್ಲಿ ಬೇಕಂತೆ. ನಿವಾಸಿಗಳು ಪೂರ್ಣವಾಗಿ ಒಪ್ಪಿದ್ದಾರಂತೆ. ಹಾಳೆ ತಿರುಗಿಸಿದರೆ ನೀನು ತೆಗೆದ ಫೋಟೋ. ಮೂವತ್ತೊಂದು ಹಸಿರು, ಮೂಲೆಯಲ್ಲಿ ಇಸ್ತ್ರಿಯವಳ ಕೈ, ಅದರ ಮೇಲೆ ಗಂಟು ಬಿದ್ದ ಬೆರಳಿನ ನನ್ನ ಕೈ.

ಆಕ್ಷೇಪಣೆ ಕೊಡಲು ಎಲ್ಲರೂ ಕಚೇರಿಗೆ ಹೋದೆವು. ಕಿಟಕಿಯ ಹಿಂದಿನವನು ಆಕ್ಷೇಪಣೆಯ ಗಡುವು ಮುಗಿದಿದೆ ಎಂದು, ನಮ್ಮ ಫೋಟೋವನ್ನೇ ನಮಗೆ ತೋರಿಸಿದ. ದಾರಿಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ, ಅದು ನನಗೆ ಬರುತ್ತದೆ. ದರ್ಜಿ ಮಾತ್ರ ನೋಟೀಸಿನ ನಕ್ಷೆಯ ಮೇಲೆ ಬೆರಳಾಡಿಸುತ್ತಾ ಕೇಳಿದ:

“ಅಜ್ಜಿ, ಈ ಗೆರೆ ಅಷ್ಟುದ್ದ ನೆಟ್ಟಗೆ ಬಂದಿದೆ. ನಿಮ್ಮನೆ ಹತ್ರ ಬಂದಾಗ ಮಾತ್ರ ಸೊಂಟ ಉಳುಕ್ತಾ ಅದಕ್ಕೆ?”

ಮೂವತ್ತು ಮನೆ ಹೋದವು. ನನ್ನದು ಉಳಿಯಿತು.

ಅವರಿಗೆಲ್ಲ ಊರಾಚೆ ಮಹಡಿ ಕಟ್ಟಡದಲ್ಲಿ ಮನೆ ಕೊಟ್ಟರು. ಇಸ್ತ್ರಿಯವಳಿಗೆ ನಾಲ್ಕನೇ ಮಹಡಿ. ಲಿಫ್ಟು ವಾರದಲ್ಲಿ ನಾಲ್ಕು ದಿನ ಕೆಟ್ಟಿರುತ್ತದೆ. ಒಳಗೆ ಇದ್ದಿಲು ಹೊತ್ತಿಸುವ ಹಾಗಿಲ್ಲ ಎಂದು ಬಾಗಿಲಿಗೇ ಬರೆದು ಅಂಟಿಸಿದ್ದಾರೆ. ನಲವತ್ತು ವರ್ಷ ಬೆಂಕಿಯ ಮುಂದೆ ನಿಂತವಳು ಕಿಟಕಿಯ ಮುಂದೆ ಕೂತಳು. ನಾನು ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಹೋದಾಗಲೆಲ್ಲ ಒಂದೇ ಪ್ರಶ್ನೆ, ನಮ್ಮ ಮಗುವಿನ ಕಟ್ಟಡ ಎಲ್ಲಿಗೆ ಬಂತು, ಮಾಡು ಹಾಕಿದರಾ, ಮೆಟ್ಟಿಲು ತೀರಾ ಎತ್ತರ ಇಲ್ಲ ತಾನೇ. ನಾನು ಕೆಲಸದವರ ಮೇಲೆ ಕೋಪಿಸಿಕೊಂಡಿದ್ದನ್ನೆಲ್ಲ ಹೇಳಿ ನಗಿಸುತ್ತಿದ್ದೆ. ಎರಡು ತಿಂಗಳು ಅವಳು ಕೆಳಗೆ ಇಳಿಯಲೇ ಇಲ್ಲ. ಕಾಲು ಬಾತುಕೊಂಡಿತು, ಆಮೇಲೆ ಉಸಿರು ಕಟ್ಟತೊಡಗಿತು.

ಕೊನೆಯ ಸಲ ಹೋದಾಗ ಮಧ್ಯಾಹ್ನ. ಅವಳ ಮಗ ಔಷಧಿ ತರಲು ಹೋಗಿದ್ದ. ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದಳು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಚುಕ್ಕಿ ಏನು ಅಂತ ಅವತ್ತು ಮಗೂಗೆ ಗೊತ್ತಿತ್ತಾ? ನಾವು ತಪ್ಪು ಮಾಡ್ತಿದ್ದೀವಿ ಅಂತ ಗೊತ್ತಾಗಿತ್ತಾ?”

“ಇಲ್ಲ ಕಣೇ. ಗೊತ್ತಾಗಿದ್ರೆ ಹೇಳದೇ ಇರ್ತಿದ್ಲಾ?”

“ಅದೇ ಅಂದ್ಕೊಂಡೆ” ಎಂದು ಗೋಡೆಯ ಕಡೆ ತಿರುಗಿಕೊಂಡಳು. ಮೂರನೇ ದಿನ ಹೋದಳು. ನೀನು ಬರುತ್ತೀಯೆಂದು ಬಾಗಿಲು ನೋಡಿದೆ. ಬರಲಿಲ್ಲ. ನಿನ್ನ ಅಮ್ಮ ಬಂದಳು, “ಅವಳ ಕೆಲಸ ಅವಳದು, ಬಿಡಮ್ಮ” ಎಂದಳು. ಇಸ್ತ್ರಿಯವಳ ಮಗ ಅವಳ ಇಸ್ತ್ರಿಪೆಟ್ಟಿಗೆಯನ್ನು ನನಗೆ ಕೊಟ್ಟ. ಹಿಡಿಯ ಮೇಲೆ ಆ ಚುಕ್ಕಿ ಇನ್ನೂ ಇದೆ, ಅಂಚು ಸುಟ್ಟು ಕಂದುಬಣ್ಣಕ್ಕೆ ತಿರುಗಿದೆ.

ಹಾಗಾಗಿ ಕೇಳುತ್ತಿದ್ದೇನೆ. ನಾವು ಒಪ್ಪಿಯೇ ಹಸಿರು ಹಚ್ಚಿದೆವು ಎಂದು ನೀನು ನಂಬಿದ್ದರೆ, ನನ್ನ ಮನೆಯ ಮೇಲೂ ಹಸಿರೇ ಇತ್ತಲ್ಲ, ಅದನ್ನು ಏಕೆ ಉಳಿಸಿದೆ? ಆ ಗೆರೆಯನ್ನು ಬಾಗಿಸಿದ ಕೈ ಯಾರದು? ನಿನ್ನದಾದರೆ, ನಿನಗೆ ಎಲ್ಲ ಗೊತ್ತಿತ್ತು. ನಿನ್ನದಲ್ಲದಿದ್ದರೆ ಯಾರದು ಎಂದು ಹೇಳು, ಆ ಮಹರಾಯನಿಗೂ ಒಂದು ಪತ್ರ ಬರೆಯುತ್ತೇನೆ. ಸಾಯುವವಳ ಕೈ ಹಿಡಿದು ನಾನು ಆಡಿದ್ದು ನಿಜವೋ ಸುಳ್ಳೋ, ನನಗೆ ಅದು ತಿಳಿಯಬೇಕು. ಅದನ್ನು ಹೇಳಬಲ್ಲವಳು ನೀನೊಬ್ಬಳೇ.

ಐದನೇ ತಾರೀಖು ನಾನು ಬರುತ್ತೇನೆ. ಕಾರ್ಡು ಕೊಟ್ಟು ಕರೆದಿದ್ದಾರೆ, ಹೆದರಿ ಮನೆಯಲ್ಲಿ ಕೂರುವವಳಲ್ಲ. ನಿನಗೆ ಗೊತ್ತಿರಲಿಲ್ಲ ಎಂದಾದರೆ, ಮೈಕಿನ ಮುಂದೆ ನಿಂತು, ಇವರ ಕೈಗಳನ್ನು ಹಿಡಿದು ಹಸಿರು ಹಚ್ಚಿಸಿದವಳು ನಾನು, ಬೋರ್ಡು ಓದದವಳು ನಾನು ಎಂದು ಹೇಳುತ್ತೇನೆ. ಗೊತ್ತಿತ್ತು ಎಂದಾದರೆ ಅದನ್ನೇ ಹೇಳಿ, ಗೊತ್ತಿದ್ದೂ ನೀನು ಬಾಯಿ ಬಿಡಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. ದರ್ಜಿಗೂ ಬೀಗದವನಿಗೂ ಬರಲು ಹೇಳಿದ್ದೇನೆ. ನಿನ್ನ ದೊಡ್ಡಮ್ಮನಿಗೆ ಹಾಕಿಸುತ್ತೇನೆ ಎಂದಿದ್ದ ಆ ಕುರ್ಚಿಯ ಪ್ಲಾಸ್ಟಿಕ್ ಬಿಚ್ಚಿಸಿಡು. ಇಸ್ತ್ರಿಪೆಟ್ಟಿಗೆ ತಂದು ಅದರ ಮೇಲೆ ಇಡುತ್ತೇನೆ, ತೆಗೆಯಿರಿ ಎನ್ನಲು ಯಾರಿಗೆ ಧೈರ್ಯವಿದೆ ನೋಡೋಣ.

ನಿನಗೆ ಶಾಪ ಹಾಕಲು ನಾಲಿಗೆ ಬರುವುದಿಲ್ಲ. ಪ್ರಯತ್ನಿಸಿ ನೋಡಿದೆ. ಇದ್ದಿಲು ಬಳಿದುಕೊಂಡ ಮುಖವೇ ಎದುರಿಗೆ ಬಂದು ನಿಲ್ಲುತ್ತದೆ. ನಿನ್ನ ಕೈ ಗಟ್ಟಿಯಾಗಿರಲಿ, ಕೆಲಸ ನಿಲ್ಲದಿರಲಿ. ಇನ್ನು ಮುಂದೆ ಗೆರೆ ಎಳೆಯುವಾಗ ಅದು ಯಾರ ಒಲೆಯ ಮೇಲೆ ಹೋಗುತ್ತಿದೆ ಎಂಬುದು ನಿನ್ನ ಕಣ್ಣಿಗೆ ಕಾಣಲಿ. ಅದೊಂದೇ ನನ್ನ ಆಶೀರ್ವಾದ.

ಗೆರೆಯ ಈಚೆ ಉಳಿದ
ನಿನ್ನ ಅಜ್ಜಿ

ಫೋನ್ ಮಾಡಬೇಡ, ಎತ್ತುವುದಿಲ್ಲ. ಅಮ್ಮನ ಕೈಲಿ ಹೇಳಿ ಕಳಿಸಬೇಡ. ಚುಕ್ಕಿ ಗಿಕ್ಕಿ ಅಂಟಿಸಿ ಕಳಿಸಲೇಬೇಡ. ನಾನು ಕಲಿಸಿದ ಅಕ್ಷರದಲ್ಲಿ, ಗೊತ್ತಿತ್ತು ಅಥವಾ ಗೊತ್ತಿರಲಿಲ್ಲ ಎಂದು ನಿನ್ನ ಕೈಯಾರೆ ಬರೆ. ಈ ತಿಂಗಳು ಮುಗಿದು ಮುಂದಿನದು ಹುಟ್ಟುವುದರೊಳಗೆ ಅದು ನನ್ನ ಕೈಯಲ್ಲಿರಬೇಕು.