ಲಾಳಿಯ ಕೊನೆಗೆ ಬಿಟ್ಟ ಗೇಣು

ಆಷಾಢದ ನಲವತ್ತೊಂದನೇ ದಿನ, ೨೨೦೬
ಗುಳೇದಗುಡ್ಡ

ನೀಲಗಂಗವ್ವ ಬರಗುಂಡಿ ಅವರಿಗೆ,

ತಾರೀಖು ತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಮೊದಲ ಮಳೆ ಬೀಳುವ ತನಕ ಆಷಾಢ ಮುಗಿಯುವುದಿಲ್ಲ. ಹೋದ ವರ್ಷ ಅದು ಐವತ್ತಾರು ದಿನ ಎಳೆಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ. ಈ ಪತ್ರವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಕಚೇರಿ. ಅವರು ರಸೀದಿ ಕೊಡುವುದಿಲ್ಲ. ಕಾಗದ ತಲುಪಿತೆಂದು ಇವತ್ತಿನವರೆಗೆ ಯಾರೂ ಹೇಳಿದ್ದೂ ಇಲ್ಲ.

ನನ್ನ ಹೆಸರು ದಾನೇಶ್ವರಿ, ಹತ್ತೊಂಬತ್ತು ವರ್ಷ. ಹದಿನಾಲ್ಕಕ್ಕೆ ಶಾಲೆ ಬಿಟ್ಟೆ. ಬಡತನದಿಂದ ಬಿಟ್ಟೆ ಎಂದು ಹೇಳಿದರೆ ಜನ ಮರುಗುತ್ತಾರೆ, ಆದರೆ ಅದು ಸುಳ್ಳು. ಪರೀಕ್ಷೆಯಲ್ಲಿ ಖಾಲಿ ಹಾಳೆ ಮುಂದಿಟ್ಟರೆ ಒಂದಕ್ಷರ ಮೂಡುತ್ತಿರಲಿಲ್ಲ. ಅದಾದ ಮೇಲೆ ಒಂದೇ ಕಡೆ ಕೂತಿದ್ದಿಲ್ಲ. ನಾಲ್ಕು ಊರಲ್ಲಿ ಐದು ಕೆಲಸ ಮಾಡಿ ಬಿಟ್ಟೆ. ಈಗ ಬೀದಿಯ ನೀರಿನ ಗೇಟುಗಳಿಗೆ ಸಮಯ ಹಚ್ಚುತ್ತೇನೆ. ಯಾವ ಓಣಿಗೆ ಎಷ್ಟು ಹೊತ್ತು ನೀರು ಎಂದು ಗೇಟಿಗೆ ಹೇಳುವುದು ನಿಮ್ಮ ಲಾಳಿ ಎಂಬ ನುಡಿಯಲ್ಲೇ. ನಿಮ್ಮ ಕಾಲದವರು ಪ್ರೋಗ್ರಾಮಿಂಗ್ ಭಾಷೆ ಅನ್ನುತ್ತಿದ್ದದ್ದನ್ನು ನಾವು ಬರೀ ನುಡಿ ಅನ್ನುತ್ತೇವೆ. ಮಗ್ಗಕ್ಕೆ ಖಣದ ಚಿತ್ತಾರ ಹೇಳಿಕೊಡಲು ನೀವು ಕಟ್ಟಿದ ನುಡಿಯಲ್ಲಿ ಇವತ್ತು ಬಸ್ಸು ಓಡುತ್ತದೆ, ಆಸ್ಪತ್ರೆಯಲ್ಲಿ ಸಲೈನು ಇಳಿಯುತ್ತದೆ. ನಿಮಗೆ ನಗು ಬರಬಹುದು. ನಿಮ್ಮ ನೋಟುಬುಕ್ಕಿನ ಮೊದಲ ಪಟ್ಟಿಯಲ್ಲಿ ಬಳಸುವವರ ಹೆಸರು ಹನ್ನೊಂದೇ ಇವೆ, ಅದರಲ್ಲಿ ಒಂದು ನಿಮ್ಮದು, ಇನ್ನೊಂದು ನಿಮ್ಮ ತಮ್ಮನದು.

ಆ ನೋಟುಬುಕ್ಕು ಹುಡುಕುವಂತೆ ಮಾಡಿದವಳು ನನ್ನ ಗೆಳತಿ ಮಾಬುಬಿ. ಅವಳು ಗುಡ್ಡದ ಮೇಲೆ ಜೇನು ಸಾಕುತ್ತಾಳೆ. ಪೆಟ್ಟಿಗೆಯ ಬಿಸಿ, ಗಾಳಿ, ಬಾಗಿಲು ನೋಡಿಕೊಳ್ಳಲು ಆರು ವರ್ಷ ಕೂತು ತಾನೇ ಒಂದು ನುಡಿ ಕಟ್ಟಿದ್ದಾಳೆ. ಅದರ ಹೆಸರು ಜೇನುಹುಟ್ಟು. ಬಳಸುವವರು ಇಪ್ಪತ್ತಮೂರು ಜನ. ನಮ್ಮಲ್ಲಿ ಉಳಿಕೆಮನೆ ಎಂಬುದಿದೆ. ನುಡಿಗಳ ಯಂತ್ರಗಳನ್ನು ಆರದಂತೆ ಕಾಯುವ ಮನೆ. ಆಷಾಢ ಮುಗಿಯುವುದರೊಳಗೆ ಮುನ್ನೂರು ಹೆಸರು ಸೇರದಿದ್ದರೆ ಜೇನುಹುಟ್ಟಿನ ಯಂತ್ರ ಆರಿಸುತ್ತೇವೆ ಎಂದು ಅವರು ಹೇಳಿದ್ದಾರೆ. ಅಂದರೆ ಮಳೆ ಬಿದ್ದ ದಿನ. ಊರೆಲ್ಲ ಮಳೆಗೆ ಕಾಯುತ್ತಿದೆ, ಮಾಬುಬಿ ಒಬ್ಬಳು ಇವತ್ತು ಬಾರದಿರಲಿ ಅನ್ನುತ್ತಾಳೆ.

ಅವಳು ಬಂದು ನನ್ನ ಗೇಟಿನ ಕಟ್ಟೆಯ ಮೇಲೆ ಕೂತಳು.

"ನಿಮ್ಮ ಲಾಳಿ ಇಷ್ಟು ಮಂದಿಗೆ ಹೆಂಗ ಮುಟ್ಟಿತು ಹೇಳವಾ. ಸಂಘದ ಗ್ವಾಡಿ ಮ್ಯಾಲೆ ಬರದದ್ದು ಬ್ಯಾಡ, ಖರೇ ಹೇಳು."

"ಖರೇ ನನಗೂ ಗೊತ್ತಿಲ್ಲ."

"ಸಾಲಿ ಬಿಟ್ಟಾಕಿಗೆ ಗೊತ್ತಿಲ್ಲ ಅನ್ನಾಕರ ಬರತೈತಿ. ಕಲತವ್ರಿಗೆ ಅದೂ ಬರೂದಿಲ್ಲ."

ಲಾಳಿ ಬಳಸುವವರ ಸಂಘದ ಗೋಡೆಯ ಮೇಲೆ ಬರೆದಿರುವುದು ಇಷ್ಟು: ಲಾಳಿ ಎಲ್ಲಕ್ಕಿಂತ ಚುರುಕಾದ ನುಡಿಯಾಗಿತ್ತು, ನೀಲಗಂಗವ್ವ ಊರೂರು ತಿರುಗಿ ಕಲಿಸಿದರು, ಜನ ಒಲಿದರು. ನಾನು ಉಳಿಕೆಮನೆಗೆ ಹೋಗಿ ನಿಮ್ಮ ಮೂಲ ನೋಟುಬುಕ್ಕನ್ನೇ ಕೇಳಿದೆ. ಹನ್ನೆರಡು ದಿನ ಓದಿದೆ. ತಿರುಗಿದ್ದು ನಿಜ. ಒಂಬತ್ತು ಊರಲ್ಲಿ ಜನ ಸೇರಿದರು, ನೀವು ಕೊಟ್ಟ ಚುರಮುರಿ ತಿಂದರು, ಚೆನ್ನಾಗಿದೆ ಎಂದು ಎದ್ದು ಹೋದರು. ಮನೆಗೆ ಹೋಗಿ ಖಾಲಿ ಪರದೆಯ ಮುಂದೆ ಕೂತವರು ಒಬ್ಬರೂ ಒಂದು ಸಾಲು ಮುಂದೆ ಹೋಗಲಿಲ್ಲ. ಚುರುಕಿನ ಮಾತೂ ಸುಳ್ಳು. ಆ ಕಾಲದ ಬೇರೆ ನುಡಿಗಳಿಗಿಂತ ಲಾಳಿ ಮೂರು ಪಟ್ಟು ನಿಧಾನ ಎಂದು ನೀವೇ ಬರೆದಿದ್ದೀರಿ.

ಆಮೇಲೆ ಗುರುಪಾದಪ್ಪ ಎಂಬ ನೇಕಾರ ಬರುತ್ತಾನೆ. ಅವನಿಗೆ ನುಡಿ ಕಲಿಯುವ ಆಸೆಯೇ ಇರಲಿಲ್ಲ. ಪಕ್ಕದ ಮನೆಯವನ ಆನೆಹೆಜ್ಜೆ ಚಿತ್ತಾರ ತನ್ನ ಮಗ್ಗಕ್ಕೆ ಸ್ವಲ್ಪ ಅಗಲವಾಗಿ ಬೇಕಿತ್ತು. ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಹೂಡುವಾಗ ನೇಕಾರರು ಸಾವಿರಾರು ಎಳೆಗಳನ್ನು ಹಣಿಗೆಯ ಹಲ್ಲಿನೊಳಗೆ ಮತ್ತೆ ಪೋಣಿಸುತ್ತ ಕೂರುವುದಿಲ್ಲ. ಮುಗಿದ ಹಾಸಿನ ಕೊನೆಯಲ್ಲಿ ಗೇಣುದ್ದ ಉಳಿಸಿಕೊಂಡು, ಅದರ ಒಂದೊಂದು ಎಳೆಗೂ ಹೊಸದನ್ನು ಹೊಸೆದು ಎಳೆದುಕೊಳ್ಳುತ್ತಾರೆ. ಗುರುಪಾದಪ್ಪ ಅದನ್ನೇ ಮಾಡಿದ. ಪಕ್ಕದವನು ಲಾಳಿಯಲ್ಲಿ ಬರೆದದ್ದನ್ನು ಹಾಗೇ ತಂದು, ಅದರ ತುದಿಗೆ ತನ್ನ ನಾಲ್ಕು ಸಾಲು ಕಟ್ಟಿದ. ಅವನ ಸೊಸೆ ಅದೇ ಚಿತ್ತಾರದ ತುದಿಗೆ ಬೋರಿನ ಪಂಪು ಹಚ್ಚಿ ಆರಿಸುವ ಸಮಯ ಕಟ್ಟಿದಳು. ಲಾಳಿ ಮಗ್ಗ ಬಿಟ್ಟು ಹೊರಗೆ ಬಂದದ್ದು ಆ ಪಂಪಿನ ಮನೆಯಿಂದ. ಪಂಪು ನೋಡಿದವರು ಅವಳದನ್ನು ಒಯ್ದರು, ಅವರದನ್ನು ಮತ್ತೊಬ್ಬರು. ಖಾಲಿ ಪರದೆಯನ್ನು ಅವರಲ್ಲಿ ಯಾರೂ ನೋಡಲೇ ಇಲ್ಲ.

ಇವತ್ತಿಗೂ ಲಾಳಿಯಲ್ಲಿ ಏನೇ ಬರೆದರೂ, ಮುಂದಿನವರು ಕಟ್ಟಿಕೊಳ್ಳಲೆಂದು ಕೊನೆಗೆ ಓಡುವ ತುಂಡೊಂದನ್ನು ಬಿಡಬೇಕು. ಅದಕ್ಕೆ ಗೇಣು ಅನ್ನುತ್ತೇವೆ. ಇದರಿಂದ ಫಜೀತಿಯೂ ಇದೆ. ನಮ್ಮ ಆಸ್ಪತ್ರೆಯ ಬಾಗಿಲು ದಿನಾ ಬೆಳಿಗ್ಗೆ ನಾಲ್ಕು ಸಲ ತೆರೆದು ಮುಚ್ಚಿ ಆಮೇಲೆ ಕೆಲಸಕ್ಕೆ ಹತ್ತುತ್ತದೆ. ಯಾವುದೋ ಕಾಲದಲ್ಲಿ ಯಾರೋ ಅದನ್ನು ಗುರುಪಾದಪ್ಪನ ಆನೆಹೆಜ್ಜೆಗೆ ಕಟ್ಟಿದ್ದಾರೆ. ಚಿತ್ತಾರದ ಆ ನಾಲ್ಕು ಹೆಜ್ಜೆ ತೆಗೆಯಲು ಯಾರಿಗೂ ಧೈರ್ಯವಿಲ್ಲ. ಹೊರಗೆ ಕಾಯುವ ರೋಗಿಗಳು, ಆನೆ ಹೋಗಲಿ ತಡೀರಿ, ಅನ್ನುತ್ತಾರೆ.

ಇದನ್ನೆಲ್ಲ ಮಾಬುಬಿಗೆ ಹೇಳಿದೆ. ಅವಳ ಜೇನುಹುಟ್ಟು ತೆರೆದರೆ ಒಂದು ಚುಕ್ಕೆಯೂ ಇಲ್ಲದ ಬಿಳಿ ಪರದೆ ಬರುತ್ತದೆ. ಅದರ ಮೇಲೆ ಅವಳಿಗೆ ಬಹಳ ಅಭಿಮಾನ.

"ಅಂದ್ರ ಇಪ್ಪತ್ತಮೂರು ಮಂದಿ ಹರಕು ಮುರಕು ಬರದದ್ದನ್ನ ನಾ ಬಾಗಲದಾಗ ಹರವಿ ಕುಂದ್ರಬೇಕೇನ?"

"ಹೂಂ."

"ನಾಚಿಕಿ ಬರತೈತಲೇ."

"ನೀಲಗಂಗವ್ವಗೂ ಬಂದಿತ್ತು. ಎಲ್ಲಾ ಅಳಸ್ತೀನಿ ಅಂತ ಬರದಾಳ."

"ಮತ್ತ ಯಾಕ ಅಳಸ್ಲಿಲ್ಲ?"

ಅದು ನೋಟುಬುಕ್ಕಿನಲ್ಲಿ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಡಬಹುದಿತ್ತು, ಅವಳು ನಂಬುತ್ತಿದ್ದಳು. ಹೇಳಲಿಲ್ಲ. ಆಕೆ ಅಳಿಸದೆ ಯಾಕೆ ಬಿಟ್ಟಳು ಎಂದು ತಿಳಿಯುವ ತನಕ ನಾನು ಹರವುವುದಿಲ್ಲ ಎಂದು ಮಾಬುಬಿ ಎದ್ದು ಹೋದಳು. ಅವಳ ಹಟ ನನಗೆ ಗೊತ್ತು. ನನಗೂ ಅಷ್ಟೇ ಇದೆ.

ನಿಮ್ಮ ನೋಟುಬುಕ್ಕಿನ ನೂರ ಹನ್ನೆರಡನೇ ಪುಟದಲ್ಲಿ ಹೀಗಿದೆ: "ಗುರುಪಾದಪ್ಪನೂ ಅವನ ಸೊಸೆಯೂ ನನ್ನ ನುಡಿಯನ್ನು ಚಿಂದಿ ಮಾಡಿದ್ದಾರೆ. ಇದನ್ನು ನೋಡಿ ಲಾಳಿ ಎಂದರೆ ಹೀಗೆ ಎಂದು ಜನ ತಿಳಿದಾರು. ನಾಳೆ ಎಲ್ಲ ಅಳಿಸುತ್ತೇನೆ." ನೂರ ಹದಿಮೂರು ಖಾಲಿ. ಅದರ ಮುಂದಿನ ಪುಟದಲ್ಲಿ ಹನ್ನೊಂದರ ಜಾಗದಲ್ಲಿ ನಲವತ್ತು ಹೆಸರಿವೆ, ಅವರು ಕಟ್ಟಿದ್ದು ಯಾವುದೂ ಅಳಿದಿಲ್ಲ. ನಡುವೆ ಏನಾಯಿತು? ಬೆಳಿಗ್ಗೆ ಯಾರಾದರೂ ಬಂದು ಬೇಡ ಅಂದರೇ? ಆ ಚಿಂದಿಯಲ್ಲಿ ನಿಮಗೇ ಹೊಳೆಯದ ಒಂದು ಸಾಲು ಕಂಡಿತೇ? ಗೇಟಿನ ಬಳಿ ಕೂತು ನಾನು ಇದನ್ನೇ ಯೋಚಿಸುತ್ತೇನೆ. ನೀರು ಎರಡು ನಿಮಿಷ ಹೆಚ್ಚು ಹರಿದು ಮೇಲಿನ ಓಣಿಯವರು ಬಂದು ಬೈದಾಗಲೇ ಎಚ್ಚರ.

ನಾನು ಕೇಳುವುದು ಇಷ್ಟೇ. ಈ ಪತ್ರ ಕೈ ಸೇರಿದರೆ ನೂರ ಹದಿಮೂರನೇ ಪುಟದಲ್ಲಿ ಆ ಕಾರಣ ಬರೆದಿಡಿ. ನಮಗೆಂದು ಚೆಂದ ಮಾಡಿ ಬರೆಯಬೇಡಿ. ಗೋಡೆಯ ಮೇಲೆ ಅಂಥದ್ದು ಬೇಕಾದಷ್ಟಿದೆ. ಅಳಿಸಲು ಮರೆತಿದ್ದರೆ ಮರೆತೆ ಎಂದೇ ಬರೆಯಿರಿ. ಅವತ್ತು ಕರೆಂಟು ಇರಲಿಲ್ಲ ಎಂದಿದ್ದರೂ ಸರಿ. ಮಾಬುಬಿಗೆ ಅದನ್ನೂ ಇದ್ದ ಹಾಗೇ ಓದಿ ಹೇಳುತ್ತೇನೆ.

ಇವತ್ತು ಮಧ್ಯಾಹ್ನದಿಂದ ಬಾದಾಮಿ ಕಡೆ ಮೋಡ ಕಟ್ಟುತ್ತಿದೆ. ಮಾಬುಬಿ ಪೆಟ್ಟಿಗೆಗಳ ಮೇಲೆ ಗೋಣಿ ಹೊದಿಸುತ್ತಿದ್ದಾಳೆ. ನಾಳೆ ಉಳಿಕೆಮನೆಯ ಬಾಗಿಲು ತೆರೆದ ಕೂಡಲೇ ಇಬ್ಬರೂ ಹೋಗಿ ಆ ಪುಟ ತೆಗೆಯುತ್ತೇವೆ. ಈ ಕಾಗದದ ಕೆಳಗೆ, ನಮ್ಮ ಪದ್ಧತಿಯಂತೆ, ಒಂದು ಗೇಣು ಬಿಟ್ಟಿದ್ದೇನೆ. ನೋಟುಬುಕ್ಕು ಹತ್ತಿರ ಇಲ್ಲದಿದ್ದರೆ ಕಾರಣವನ್ನು ಇಲ್ಲೇ ಕಟ್ಟಿ.

ನಿಮ್ಮ ತುದಿಗೆ ಕಟ್ಟಿಕೊಂಡವಳು,
ದಾನೇಶ್ವರಿ